ಮರೆತ ಹೆಸರುಗಳು – 7: ಥೆಲ್ಮಾ ಎಸ್ಟ್ರಿನ್

ಮೆದುಳಿನ ಸಂಶೋಧನೆಗೆ ಕಂಪ್ಯೂಟರ್ ತಂದ ಮೊದಲಿಗರಲ್ಲಿ ಇವರೂ ಒಬ್ಬರು. ಆದ್ರೆ 1941ರಲ್ಲಿ ನ್ಯೂಯಾರ್ಕ್‌ನ ಸಿಟಿ ಕಾಲೇಜ್ ಸೇರಿದಾಗ ಓದೋಕೆ ಹೊರಟಿದ್ದು ನಮ್ಮ ಥರಾನೇ ಕಾಮರ್ಸ್! (ಬಿಕಾಂನವರು ಕಾಲರ್ ಮೇಲೆತ್ತಬಹುದು.) ಅಲ್ಲೇ ಪರಿಚಯವಾದ ಜೆರಾಲ್ಡ್ ಜೊತೆ 17ನೇ ವಯಸ್ಸಿಗೇ ಮದುವೆ.

ದಾರಿ ತಿರುಗಿಸಿದ್ದು ಎರಡನೇ ಮಹಾಯುದ್ಧ. ಗಂಡಸರೆಲ್ಲ ಸೇನೆಗೆ ಹೋದ್ರು, ಕಾರ್ಖಾನೆಗಳಲ್ಲಿ ಜನ ಸಾಲದಾಯ್ತು, ಹುಡುಗಿಯರನ್ನೂ ಕರೆದ್ರು. ಥೆಲ್ಮಾ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ 3 ತಿಂಗಳ ಕೋರ್ಸ್ ಮಾಡಿ ರೇಡಿಯೋ ಕಂಪನಿ ಸೇರಿದ್ರು. ಯುದ್ಧ ಮುಗಿದ ಮೇಲೆ ಅಕೌಂಟ್ಸ್ ಕಡೆ ತಿರುಗಿ ನೋಡಲಿಲ್ಲ. 1951ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ.

ಮೊದಲು ನ್ಯೂಯಾರ್ಕ್‌ನ ನರರೋಗ ಸಂಸ್ಥೆಯ ಇಇಜಿ ವಿಭಾಗದಲ್ಲಿ ಕೆಲಸ. ನಂತರ ಗಂಡನ ಜೊತೆ ಇಸ್ರೇಲಿಗೆ ಹೋಗಿ ಅಲ್ಲಿನ ಮೊದಲ ಕಂಪ್ಯೂಟರ್ ‘ವೈಜಾಕ್’ ಕಟ್ಟೋಕೆ ಕೈಜೋಡಿಸಿದ್ರು.

ವಾಪಸ್ ಬಂದಾಗ ಜೆರಾಲ್ಡ್‌ಗೆ ಲಾಸ್ ಏಂಜಲೀಸ್‌ನ ಯುಸಿಎಲ್‌ಎನಲ್ಲಿ ಕೆಲಸ. ಥೆಲ್ಮಾಗೆ ಇಲ್ಲ. ಒಂದೇ ವಿಭಾಗದಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕೆಲಸ ಕೊಡೋ ಹಾಗಿರಲಿಲ್ಲ. ನಿಯಮ ಇಬ್ಬರಿಗೂ ಒಂದೇ ಅಂತ ಕಾಣುತ್ತೆ, ಆದ್ರೆ ಹೊರಗೆ ನಿಂತಿದ್ದು ಯಾರು ನೋಡಿ. ಇಬ್ಬರದ್ದೂ ಅದೇ ಪಿಎಚ್‌ಡಿ!

1960ರಲ್ಲಿ ಅದೇ ಯುಸಿಎಲ್‌ಎಯ ಮೆದುಳು ಸಂಶೋಧನಾ ಸಂಸ್ಥೆ ಸೇರಿದ್ರು. ಮರುವರ್ಷವೇ ಅಲ್ಲಿ ಡೇಟಾ ಪ್ರೊಸೆಸಿಂಗ್ ಲ್ಯಾಬ್ ಶುರು ಮಾಡಿದ್ರು. ಆಗ ಇಇಜಿ ಅಂದ್ರೆ ಓಡೋ ಕಾಗದದ ಮೇಲೆ ಪೆನ್ನು ಬರೆಯೋ ಅಂಕುಡೊಂಕು ಗೆರೆ. ಅದನ್ನ ಕಣ್ಣಲ್ಲೇ ನೋಡಿ ಅರ್ಥ ಮಾಡ್ಕೋಬೇಕು. ಕಂಪ್ಯೂಟರಿಗೆ ಗೆರೆ ತಿಳಿಯಲ್ಲ, ಸಂಖ್ಯೆ ಬೇಕು. ಆ ಅಲೆಯನ್ನ ಒಂದೊಂದು ಸೆಕೆಂಡಿನಲ್ಲೂ ನೂರಾರು ಸಲ ಅಳೆದು, ಪ್ರತಿ ಅಳತೆಯನ್ನೂ ಅಂಕಿ ಮಾಡೋ ವ್ಯವಸ್ಥೆಯನ್ನ ಥೆಲ್ಮಾ ರೂಪಿಸಿದ್ರು. ನಮ್ಮ ಭಾಷೇಲಿ ಹೇಳೋದಾದ್ರೆ, ಮೆದುಳಿನ ಪ್ರತಿ ಅಲೆಗೂ ಲೆಡ್ಜರ್ ಎಂಟ್ರಿ! ಒಮ್ಮೆ ಅಂಕಿಯಾದ್ರೆ ಕೂಡಬಹುದು, ಸರಾಸರಿ ತೆಗೀಬಹುದು, ಕಣ್ಣಿಗೆ ಬೀಳದ್ದನ್ನೂ ಹುಡುಕಬಹುದು.

ಆ ನಿಯಮದಿಂದ ಮೆದುಳು ವಿಜ್ಞಾನಕ್ಕೆ ಲಾಭವೇ ಆಯ್ತಲ್ಲ ಅನ್ನಬಹುದು. ನಂಗೆ ಒಪ್ಪಿಗೆಯಿಲ್ಲ. ಲಾಭ ತಂದಿದ್ದು ಥೆಲ್ಮಾ, ನಿಯಮ ಅಲ್ಲ.

1970ರಿಂದ 1980ರವರೆಗೆ ಆ ಲ್ಯಾಬಿನ ನಿರ್ದೇಶಕಿಯಾಗಿದ್ರು. ಮೂವರು ಹೆಣ್ಣುಮಕ್ಕಳಲ್ಲಿ ಜೂಡಿ, ಡೆಬೊರಾ ಇಬ್ಬರೂ ಕಂಪ್ಯೂಟರ್ ಲೋಕದಲ್ಲಿ ದೊಡ್ಡ ಹೆಸರು.

1980ರಲ್ಲಿ ಯುಸಿಎಲ್‌ಎ ಕಂಪ್ಯೂಟರ್ ಸೈನ್ಸ್ ವಿಭಾಗ, ಹೌದು, ಗಂಡ ಇದ್ದ ವಿಭಾಗವೇ, ಥೆಲ್ಮಾ ಅವರನ್ನ ಪ್ರೊಫೆಸರ್ ಆಗಿ ತಗೊಳ್ತು. ಪಿಎಚ್‌ಡಿ ಆಗಿ ಆಗ 29 ವರ್ಷ.