ಕೊಂಬು ಮೊದಲೋ ಕಕಾರ ಮೊದಲೋ: ಚೆನ್ನೈನ ತಮಿಳು ಕೀಲಿಮಣೆ ಮತ್ತು ಬೆರಳಿನ ನೆನಪು

1999ರ ಫೆಬ್ರವರಿಯಲ್ಲಿ ಚೆನ್ನೈನಲ್ಲಿ ನಡೆದ ತಮಿಳ್‌ನೆಟ್ 99 ಸಮ್ಮೇಳನದಿಂದ ‘ತಮಿಳ್ 99’ ಕೀಲಿಮಣೆ ವಿನ್ಯಾಸ ಹೊರಬಂತು. ತಮಿಳುನಾಡು ಸರ್ಕಾರ ಅದೇ ವರ್ಷ ಅದಕ್ಕೆ ಮಾನ್ಯತೆ ಕೊಟ್ಟಿತು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ಇಷ್ಟರಲ್ಲಿ ತಕರಾರಿಲ್ಲ. ಆದರೆ ಆಮೇಲೂ ಹಳೆಯ ಟೈಪ್‌ರೈಟರ್ ವಿನ್ಯಾಸ ಕಂಪ್ಯೂಟರಿನೊಳಗೇ ಉಳಿದುಕೊಂಡಿದ್ದೇಕೆ? ಹಳೆಯ ಯಂತ್ರದ ಮೋಹ ಎಂಬುದು ರೂಢಿಯ ಉತ್ತರ. ಅದನ್ನು ನಾನು ಒಪ್ಪಲಾರೆ.

ಮೋಹವೆಲ್ಲ ಒಂದೇ ಬಗೆಯದಲ್ಲ. 1985ರ ಐಬಿಎಂ ಮಾಡೆಲ್ ಎಂ ಕೀಲಿಮಣೆಯನ್ನು ಇಂದಿಗೂ ಹುಡುಕಿ ಕೊಳ್ಳುವವರಿಗೆ ಬೇಕಾದದ್ದು ಕೀಲಿಯಡಿಯ ಸ್ಪ್ರಿಂಗ್ ಬಾಗುವಾಗಿನ ‘ಟಕ್’ ಸದ್ದು ಮತ್ತು ಬೆರಳಿಗೆ ಸಿಗುವ ಪುಟಿತ. ಬ್ರಿಟಿಷ್ ವಿನ್ಯಾಸಕ್ಕೆ ಪಳಗಿದವರಿಗೆ ಬೇಕಾದದ್ದು ಜಾಗ: ಶಿಫ್ಟ್ ಹಿಡಿದು 3 ಒತ್ತಿದರೆ ಪೌಂಡ್ ಚಿಹ್ನೆ, 2 ಒತ್ತಿದರೆ ಉದ್ಧರಣ ಚಿಹ್ನೆ ಬರಬೇಕು. ತಮಿಳು ಬೆರಳಚ್ಚುಗಾರರ ಪಟ್ಟು ಇವೆರಡಕ್ಕಿಂತ ಆಳದ್ದು. ಟೈಪ್‌ರೈಟರಿನ ಸದ್ದೂ ಪುಟಿತವೂ ಇಲ್ಲದ ಚಪ್ಪಟೆ ಕೀಲಿಗಳ ಮೇಲೂ ಅವರು ಹಳೆಯ ವಿನ್ಯಾಸವನ್ನೇ ಕೇಳಿದರು.

ಕಾರಣ ಲಿಪಿಯಲ್ಲಿದೆ. ತಮಿಳಿನಲ್ಲಿ ‘ಕೆ’ ಬರೆಯುವಾಗ ಮೊದಲು ಕೊಂಬು (ತಮಿಳಿನಲ್ಲಿ ಎಕಾರದ ಚಿಹ್ನೆ), ಅದರ ಬಲಕ್ಕೆ ಕಕಾರ. ‘ಕೊ’ ಆದರೆ ಕೊಂಬು, ಕಕಾರ, ಕೊನೆಗೆ ‘ಕಾಲು’ ಎಂಬ ಚಿಹ್ನೆ. ಟೈಪ್‌ರೈಟರ್ ಈ ಕೈಬರಹದ ಕ್ರಮವನ್ನೇ ಪಾಲಿಸಿತು. ಎಡದಿಂದ ಬಲಕ್ಕೆ ಅಕ್ಷರ ಬೀಳಿಸುತ್ತ ಹೋಗುವ ಯಂತ್ರಕ್ಕೆ ಬೇರೆ ದಾರಿಯೂ ಇರಲಿಲ್ಲ. ತಮಿಳ್ 99 ಉಚ್ಚಾರದ ಕ್ರಮ ಹಿಡಿಯಿತು: ಕಕಾರ, ಆಮೇಲೆ ಸ್ವರ. ‘ಕೊ’ಗೆ ಮೂರರ ಬದಲು ಎರಡೇ ಹೊಡೆತ ಸಾಕು. ಉಳಿತಾಯವೇನೋ ನಿಜ, ಆದರೆ ಬಾಲ್ಯದಲ್ಲಿ ಸ್ಲೇಟಿನ ಮೇಲೆ ಕಲಿತ ಕೈಯ ಕ್ರಮ ತಲೆಕೆಳಗಾಯಿತು.

ಕನ್ನಡದೊಂದಿಗೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟ. ಕೆ. ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸವನ್ನು ಆಧರಿಸಿದ ‘ನುಡಿ’ ತಂತ್ರಾಂಶವೂ ಉಚ್ಚಾರದ ಕ್ರಮದ್ದೇ. ತಮಿಳ್ 99ರ ಪುಳ್ಳಿಯೂ (ವ್ಯಂಜನದ ಸ್ವರ ಕಳೆಯುವ ಚುಕ್ಕೆ) ನುಡಿಯಲ್ಲಿ ನಮ್ಮ ಅರ್ಧಾಕ್ಷರದ ಚಿಹ್ನೆಯೂ ಇಂಗ್ಲಿಷಿನ ಎಫ್ ಕೀಲಿಯಲ್ಲೇ ಕೂತಿವೆ. ಈ ಹೊಂದಿಕೆ ನನಗೆ ಬಹಳ ಪ್ರಿಯ. ಆದರೆ ಕನ್ನಡದಲ್ಲಿ ವ್ಯಂಜನದ ಎಡಕ್ಕೆ ಬರುವ ಸ್ವರಚಿಹ್ನೆಯೇ ಇಲ್ಲ: ಎತ್ವ ತಲೆಯ ಮೇಲೆ, ನಮ್ಮ ಕೊಂಬು (ಉಕಾರ), ದೀರ್ಘ ಬಲಕ್ಕೆ. ಹೀಗಾಗಿ ಟೈಪ್‌ರೈಟರಿನಿಂದ ಕಂಪ್ಯೂಟರಿಗೆ ಬಂದ ಕನ್ನಡ ಬೆರಳಚ್ಚುಗಾರ ಕೀಲಿಗಳ ಜಾಗವನ್ನು ಮರೆತು ಹೊಸದಾಗಿ ಕಲಿಯಬೇಕಾಯಿತು, ಗುಣಿತಾಕ್ಷರದ ಕ್ರಮವನ್ನಲ್ಲ.

ಈ ವಾದವನ್ನು ಮಿತಿಯೊಳಗೇ ಹೇಳುತ್ತಿದ್ದೇನೆ. ತಮಿಳುನಾಡಿನಲ್ಲಿ ಬೆರಳಚ್ಚು ಪರೀಕ್ಷೆ ನಡೆಸುವುದು ತಾಂತ್ರಿಕ ಶಿಕ್ಷಣ ನಿರ್ದೇಶನಾಲಯ; ಅದರ ಪ್ರಮಾಣಪತ್ರ ಸರ್ಕಾರಿ ನೌಕರಿಗೆ ದಾರಿ. ಹೊಟ್ಟೆಪಾಡಿಗಾಗಿ ಕಲಿತದ್ದನ್ನು ಲಿಪಿಪ್ರಜ್ಞೆಯಿಂದ ಪೂರ್ತಿ ಬೇರ್ಪಡಿಸಲಾಗದು. ಜೊತೆಗೆ ಕನ್ನಡದಲ್ಲೇ ಒಂದು ಅಪವಾದವಿದೆ: ಅರ್ಕಾವೊತ್ತು. ‘ಅರ್ಕ’ದ ರೇಫ ಕಿವಿಗೆ ಮೊದಲು, ಅರ್ಕಾವೊತ್ತಾಗಿ ಬರೆದರೆ ಕೈಗೆ ಕೊನೆಗೆ. ನನ್ನ ವಾದ ಸರಿಯಾದರೆ, ಟೈಪ್‌ರೈಟರ್ ಕಲಿತ ಕನ್ನಡ ಬೆರಳುಗಳು ಹೆಚ್ಚು ಎಡವಬೇಕಾದದ್ದು ಇಲ್ಲಿಯೇ. ಇಬ್ಬರ ತಪ್ಪುಗಳನ್ನೂ, ತಮಿಳಿನ ಕೊಂಬಿನಲ್ಲಿ ಮತ್ತು ಕನ್ನಡದ ಅರ್ಕಾವೊತ್ತಿನಲ್ಲಿ, ಎಣಿಸಿ ನೋಡುವ ಕೆಲಸ ಬಾಕಿಯಿದೆ.