ಅರಸನೂ ಕೂರದ ಪೀಠ

ಸಿಂಹಾಸನವೆಂದರೆ ಅರಸನ ಆಸನವೆಂದೇ ನಾವು ಬಲ್ಲೆವು. ಇಂದಿನ ಘಾನಾ ದೇಶದ ಅಶಾಂತಿ ಜನರ ಸುವರ್ಣಪೀಠದ ಮೇಲಾದರೋ ಅರಸನೂ ಕೂರುವಂತಿಲ್ಲ. ಗತಿಸಿದವರು, ಬದುಕಿರುವವರು, ಮುಂದೆ ಹುಟ್ಟಲಿರುವವರು, ಎಲ್ಲರ ಆತ್ಮವೂ ಅದರಲ್ಲಿ ನೆಲೆಸಿದೆಯೆಂಬುದು ಅವರ ನಂಬಿಕೆ.

1896ರಲ್ಲಿ ಬ್ರಿಟಿಷರು ಅರಸ ಪ್ರೆಂಪೆಯನ್ನು ಸೆರೆಹಿಡಿದು ಒಯ್ದರು, ಆಗ ಯುದ್ಧವಾಗಲಿಲ್ಲ. 1900ರ ಮಾರ್ಚ್‌ನಲ್ಲಿ ಗವರ್ನರ್ ಹಾಡ್ಜ್‌ಸನ್ ಕುಮಾಸಿ ನಗರಕ್ಕೆ ಬಂದು, ತಾನು ಕೂರಲು ಆ ಪೀಠವನ್ನು ಏಕೆ ತಂದಿಲ್ಲವೆಂದು ಕೇಳಿದನು. ಎಜಿಸುವಿನ ರಾಜಮಾತೆ ಯಾ ಅಸಾಂಟೆವಾ ಅವರ ನೇತೃತ್ವದಲ್ಲಿ ಜನ ದಂಗೆಯೆದ್ದರು. ಯುದ್ಧದಲ್ಲಿ ಸೋತರು; ಆ ತಾಯಿ ಗಡೀಪಾರಾಗಿ 1921ರಲ್ಲಿ ಸೆಷೆಲ್ಸ್ ದ್ವೀಪದಲ್ಲಿ ತೀರಿಕೊಂಡರು. ಆದರೆ ಅಡಗಿಸಿಟ್ಟಿದ್ದ ಪೀಠ ಬ್ರಿಟಿಷರ ವಶವಾಗಲೇ ಇಲ್ಲ.

ನಾನು ಪಾಠ ಹೇಳಿದ ಪುಸ್ತಕಗಳಲ್ಲಿ ಆಫ್ರಿಕವೆಂದರೆ ಯುರೋಪಿನವರು ಹಂಚಿಕೊಂಡ ಭೂಪಟವಷ್ಟೇ. ಅರಸನಿಗಿಂತ ಜನಸಮುದಾಯವೇ ಹಿರಿದೆಂಬ ಈ ಮೌಲ್ಯವೂ ಆ ನೆಲದ ಇತಿಹಾಸವೇ ಅಲ್ಲವೇ?