ಗಾಳ ಹಿಡಿಯುವ ಮೊದಲು: ನಮ್ಮ ಹೊಳೆ ಮೀನಿನ 150 ವರ್ಷದ ಕಥೆ

ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ತೋಡುಗಳ ಬದಿಯಲ್ಲಿ ಟಾರ್ಚ್ ಬೆಳಕು ಓಡಾಡುತ್ತದೆ. ಹೊಸ ನೀರಿನ ವಾಸನೆ ಹಿಡಿದು ಹೊಳೆಯ ಮೀನು ತೋಡು ಹತ್ತಿ ಗದ್ದೆಗೆ ಬರುವ ಹೊತ್ತು ಅದು. ನಾವೆಲ್ಲ ಇದನ್ನು ಉಬರ್ ಮೀನು ಎನ್ನುತ್ತೇವೆ. ನಮ್ಮ ಕಡೆಯ ಎಷ್ಟೋ ಹುಡುಗರು ಮೀನು ಹಿಡಿಯಲು ಕಲಿಯುವುದು ಇದೇ ಉಬರ್ ರಾತ್ರಿಗಳಲ್ಲಿ.

ಆದರೆ ಆ ಮೀನು ಮೇಲೆ ಹತ್ತುವುದು ಮೊಟ್ಟೆ ಇಡಲು. ಹೊಟ್ಟೆ ತುಂಬ ಮೊಟ್ಟೆ ಇರುವ ಒಂದು ಮೀನು ಸಾರಿಗೆ ಬಿದ್ದರೆ ಮುಂದಿನ ವರ್ಷದ ಸಾವಿರ ಮರಿ ಅಲ್ಲಿಗೇ ಮುಗಿಯಿತು. ಕರಾವಳಿಯ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಮೀನು ಮರಿ ಮಾಡಲಿ ಎಂದೇ ಆ ರಜೆ. ನಮ್ಮ ತೋಡಿನಲ್ಲಿ ಮಾತ್ರ ಸರಿಯಾಗಿ ಅದೇ ಹೊತ್ತಿಗೆ ಬೇಟೆ ಶುರುವಾಗುತ್ತದೆ.

ಹಾಗಾದರೆ ಹೊಸಬರು ಮೀನು ಹಿಡಿಯುವುದನ್ನು ಎಲ್ಲಿಂದ ಶುರು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಜಿಲ್ಲೆಯಲ್ಲಿ 150 ವರ್ಷದ ಇತಿಹಾಸವಿದೆ.

ಮಂಗಳೂರಿನಲ್ಲಿ ಅಚ್ಚಾದ ಗಾಳದ ಪುಸ್ತಕ

ಆಗ ನಮ್ಮದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ, ಬ್ರಿಟಿಷರ ಬಾಯಲ್ಲಿ ಸೌತ್ ಕೆನರಾ. ಇಲ್ಲಿ ಕಲೆಕ್ಟರ್ ಆಗಿದ್ದವರು ಹೆನ್ರಿ ಸಲಿವನ್ ಥಾಮಸ್. ಗಾಳದ ಹುಚ್ಚಿದ್ದ ಮನುಷ್ಯ. 1870ರಲ್ಲಿ ಸೌತ್ ಕೆನರಾದ ಮೀನು ಸಾಕಣೆ ಬಗ್ಗೆ ಅವರ ವರದಿ ಹೊರಬಂತು. 1873ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಎಂಬ ಪುಸ್ತಕ ಬಂತು. ಭಾರತದ ಹೊಳೆಗಳಲ್ಲಿ ಗಾಳ ಹಾಕಲು ಕಲಿಯುವವರಿಗಾಗಿ ಬರೆದದ್ದು ಅದು.

ಅದು ಅಚ್ಚಾದದ್ದು ಲಂಡನ್ನಿನಲ್ಲಲ್ಲ, ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ. 1843ರಲ್ಲಿ ಶುರುವಾದ 'ಮಂಗಳೂರ ಸಮಾಚಾರ' ಪತ್ರಿಕೆ, 1894ರ ಕಿಟೆಲ್ ನಿಘಂಟು ಎಂದರೆ ನೆನಪಾಗುವ ಅದೇ ಬಾಸೆಲ್ ಮಿಶನ್. ಮುಂದೆ ಥಾಮಸರ ಪುಸ್ತಕ 1881ರಲ್ಲಿ, 1897ರಲ್ಲಿ ಮತ್ತೆ ಮುದ್ರಣವಾಯಿತು.

ಪುಸ್ತಕದ ಉದ್ದನೆಯ ಹೆಸರನ್ನು ನೋಡಿದರೇ ಒಂದು ವಿಷಯ ತಿಳಿಯುತ್ತದೆ. ಬೇಟೆಯ ಸೂಚನೆಗಳ ಜೊತೆಗೆ ಮೀನು, ನೀರುನಾಯಿಗಳ ಜೀವನದ ವಿವರವೂ ಇದೆ ಎಂದು ಅಲ್ಲೇ ಬರೆದಿದೆ. ಮೀನು ಏನು ತಿನ್ನುತ್ತದೆ, ಎಲ್ಲಿ ಮರಿ ಮಾಡುತ್ತದೆ ಎಂದು ತಿಳಿಯದವನ ಗಾಳಕ್ಕೆ ಬೆಲೆಯಿಲ್ಲ. ದೇವರ ಮೀನನ್ನೇ ತೆಗೆದುಕೊಳ್ಳಿ, ಇಂಗ್ಲಿಷಿನವರು ಮಹಶೀರ್ ಎನ್ನುವ ಮೀನು. ಅದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನ ಒಳಗೆ ಹಲ್ಲಿದೆ. ಹೊಳೆ ಬದಿಯ ಮರದಿಂದ ಬೀಳುವ ಹಣ್ಣನ್ನೂ ಅದು ತಿನ್ನುತ್ತದೆ. ದಡದ ಮರ ಕಡಿದರೆ ನೀರಿನೊಳಗಿನ ಮೀನಿಗೂ ಊಟ ಕಡಿಮೆಯಾಗುತ್ತದೆ.

ಆ ಪುಸ್ತಕ ನಮ್ಮ ಅಜ್ಜಂದಿರಿಗಾಗಿ ಬರೆದದ್ದಲ್ಲ, ಇಂಗ್ಲಿಷ್ ಓದುವ ಅಧಿಕಾರಿಗಳಿಗಾಗಿ. ನಮ್ಮವರ ವಿದ್ಯೆ ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ಬಂತು. ಬೀಸು ಬಲೆ ಎಸೆಯುವ ತಿರುವು, ಯಾವ ಗುಂಡಿಯಲ್ಲಿ ಬೇಸಿಗೆಯಲ್ಲೂ ನೀರು ನಿಲ್ಲುತ್ತದೆ ಎಂಬ ಲೆಕ್ಕ, ಇವನ್ನು ಯಾರೂ ಬರೆದಿಡಲಿಲ್ಲ.

ನಂಜು, ತೋಟೆ, ಕಾನೂನು

ಹಳೆಯ ಕಾಲ ಎಂದರೆ ಎಲ್ಲವೂ ಒಳ್ಳೆಯದಿತ್ತು ಎಂದುಕೊಳ್ಳಬೇಡಿ. ಬೇಸಿಗೆಯಲ್ಲಿ ನೀರು ಇಳಿದಾಗ ಕಾರೆಕಾಯಿಯಂಥ ಕಾಯಿಗಳನ್ನು ಜಜ್ಜಿ ಗುಂಡಿಗೆ ಹಾಕಿ ಮೀನು ಮೇಲೆ ತರುವ ಕ್ರಮವೂ ನಮ್ಮಲ್ಲಿತ್ತು. ಸಣ್ಣ ಕಣ್ಣಿನ ಬಲೆಯಲ್ಲಿ ಮರಿಗಳನ್ನು ಬಾಚುವುದೂ ಇತ್ತು. ಥಾಮಸರ ಚಿಂತೆ ಇದೇ ಆಗಿತ್ತು: ಮರಿಯಲ್ಲೇ ಕೊಂದರೆ ದೊಡ್ಡ ಮೀನು ಎಲ್ಲಿಂದ ಬರಬೇಕು? ಅದೇ ಕಾಲಕ್ಕೆ ಫ್ರಾನ್ಸಿಸ್ ಡೇ ಎಂಬ ಮದ್ರಾಸಿನ ಸೇನಾ ವೈದ್ಯರು ದೇಶದ ಸಿಹಿನೀರಿನ ಮೀನುಗಾರಿಕೆಯನ್ನು ಸಮೀಕ್ಷೆ ಮಾಡಿ 1873ರಲ್ಲಿ ವರದಿ ಕೊಟ್ಟರು.

1897ರಲ್ಲಿ ಭಾರತೀಯ ಮೀನುಗಾರಿಕೆ ಕಾಯ್ದೆ ಬಂತು. ತೋಟೆ ಸಿಡಿಸಿ ಅಥವಾ ನಂಜು ಹಾಕಿ ಮೀನು ಕೊಂದರೆ ಎರಡು ತಿಂಗಳವರೆಗೆ ಜೈಲು ಅಥವಾ 200 ರೂಪಾಯಿವರೆಗೆ ದಂಡ. ಆಗಿನ 200 ರೂಪಾಯಿ ಸಣ್ಣ ಮೊತ್ತವಲ್ಲ. ಬಲೆಯ ಕಣ್ಣು ಎಷ್ಟಿರಬೇಕು ಎಂದು ನಿಯಮ ಮಾಡುವ ಅಧಿಕಾರವೂ ಸರ್ಕಾರಕ್ಕೆ ಸಿಕ್ಕಿತು. ಈಗ ಕರ್ನಾಟಕಕ್ಕೆ ಒಳನಾಡು ಮೀನುಗಾರಿಕೆಯ 1996ರ ಕಾಯ್ದೆ ಇದೆ.

ಶಿಶಿಲದ ಪಾಠ

ಬೆಳ್ತಂಗಡಿ ತಾಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಎದುರಿಗೇ ಕಪಿಲಾ ಹೊಳೆ. ಅಲ್ಲಿಯ ಮತ್ಸ್ಯತೀರ್ಥದಲ್ಲಿ ಯಾರೂ ಗಾಳ ಹಾಕುವುದಿಲ್ಲ. ಬಂದವರು ಮೀನಿಗೆ ಆಹಾರ ಹಾಕಿ ಹೋಗುತ್ತಾರೆ. 1996ರಲ್ಲಿ ಯಾರೋ ದುಷ್ಕರ್ಮಿಗಳು ಆ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ಊರವರು ಅವುಗಳ ನೆನಪಿಗೆ ಮತ್ಸ್ಯ ಸ್ಮಾರಕ ಕಟ್ಟಿಸಿದರು. ಮೀನಿಗೂ ಒಂದು ಸ್ಮಾರಕ ಎಂದರೆ ಆ ಊರಿನ ದುಃಖ ಎಷ್ಟಿದ್ದೀತು ಯೋಚಿಸಿ.

1897ರ ಕಾನೂನಿಗೆ ಆಗ ಸುಮಾರು ನೂರು ವರ್ಷ. ಅದು ಆ ವಿಷವನ್ನು ತಡೆಯಲಿಲ್ಲ. ಇವತ್ತು ಶಿಶಿಲದಲ್ಲಿ ಮತ್ತೆ ಮೀನು ಕಾಣುವುದು ಊರವರ ಕಣ್ಗಾವಲಿನಿಂದ. ಸುರತ್ಕಲ್ ಹತ್ತಿರದ ಚೇಳ್ಯಾರು ಖಂಡಿಗೆಯಲ್ಲಿ ಇನ್ನೊಂದು ಕ್ರಮ: ಮೇ ತಿಂಗಳ ಜಾತ್ರೆಯ ದಿನ ಜನ ಒಟ್ಟಾಗಿ ನಂದಿನಿ ಹೊಳೆಗೆ ಇಳಿದು ಮೀನು ಹಿಡಿಯುತ್ತಾರೆ. ಒಂದು ಕಡೆ ಹಿಡಿಯಲೇಬಾರದು, ಇನ್ನೊಂದು ಕಡೆ ಹಿಡಿಯಲು ಒಂದು ದಿನ. ಎರಡರಲ್ಲೂ ಹೊಳೆಗೆ ಒಂದು ಲೆಕ್ಕವಿದೆ, ಮತ್ತು ಆ ಲೆಕ್ಕ ಇಟ್ಟವರು ಊರವರೇ.

ಹಾಗೆಂದು ಮೀನು ಕಡಿಮೆಯಾದ ತಪ್ಪನ್ನೆಲ್ಲ ಟಾರ್ಚ್ ಹಿಡಿದ ಹುಡುಗರ ತಲೆಗೆ ಕಟ್ಟಬಾರದು. ನೇತ್ರಾವತಿಗೆ ತುಂಬೆಯಲ್ಲಿ ಅಣೆಕಟ್ಟು ಇದೆ. ಮರಳು ತೆಗೆಯುತ್ತಾರೆ. ಗದ್ದೆಗಳು ತೋಟವಾದವು, ಉಬರ್ ಮೀನಿಗೆ ಹತ್ತಿ ಹೋಗಲು ಜಾಗವೇ ಕಡಿಮೆ. ಅದಕ್ಕೇ ಉಳಿದದ್ದನ್ನು ಜೋಪಾನ ಮಾಡಬೇಕು.

ಹೊಸಬರಿಗೆ ನಮ್ಮ ಮಾತು

ಒಂದು ಬಿದಿರು ಕೋಲು, ತಂಗೂಸಿ, ಒಂದು ಗಾಳ, ತೆಂಗಿನ ಬುಡದಿಂದ ತೆಗೆದ ನಾಲ್ಕು ಎರೆಹುಳು. ಶುರು ಮಾಡಲು ಇಷ್ಟು ಸಾಕು. ಬಲೆಗೆ ಅವಸರ ಬೇಡ. ಗಾಳ ಒಂದು ಸಲಕ್ಕೆ ಒಂದೇ ಮೀನು ತರುತ್ತದೆ, ಸಣ್ಣದಾದರೆ ವಾಪಸು ಬಿಡಬಹುದು.

ಮಳೆ ಬಿಟ್ಟು ನೀರು ತಿಳಿಯಾದ ಮೇಲೆ ಶುರು ಮಾಡಿ. ಉಬರ್ ಹೊತ್ತಿನಲ್ಲಿ ಮೊಟ್ಟೆ ಮೀನು ಹತ್ತುವುದನ್ನು ದಡದಲ್ಲಿ ನಿಂತು ನೋಡಿ. ಅದೂ ಕಲಿಕೆಯೇ.

ಹೊಳೆಗೆ ಹೋಗುವ ಮೊದಲು ಊರಿನ ಹಿರಿಯರನ್ನು ಕೇಳಿ: ಇದು ದೇವರ ಗುಂಡಿಯೇ? ಮೀನು ಹಿಡಿಯಲು ಪರವಾನಗಿ ಬೇಕೇ ಎಂದು ತಾಲೂಕಿನ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಕೆರೆಯಾದರೆ ಅದರ ಹಕ್ಕು ಯಾರಿಗಿದೆ ಎಂದು ತಿಳಿದುಕೊಳ್ಳಿ.

ಒಬ್ಬರೇ ಹೋಗಬೇಡಿ. ನೇತ್ರಾವತಿಯ ಗುಂಡಿ ಮೇಲಿಂದ ಶಾಂತ, ಒಳಗೆ ಆಳ. ಅಣೆಕಟ್ಟಿನ ಕೆಳಗೆ ನೀರು ಒಮ್ಮೆಲೇ ಏರುತ್ತದೆ. ಕರೆಂಟು ಕೊಟ್ಟು ಮೀನು ಹಿಡಿಯಲು ಹೋದರೆ ಮೀನಿಗಿಂತ ಮೊದಲು ಸಾಯುವುದು ನಾವೇ ಇರಬಹುದು.

ಮನೆಯಲ್ಲಿ ಹಳೆಯ ಬಲೆಗಾರರಿದ್ದರೆ ಅವರ ಹತ್ತಿರ ಕುಳಿತು ಮೀನಿನ ತುಳು ಹೆಸರು, ಗುಂಡಿಗಳ ಹೆಸರು ಬರೆದಿಟ್ಟುಕೊಳ್ಳಿ. ಕಲೆಕ್ಟರ್ ಸಾಹೇಬರ ಪುಸ್ತಕ ಉಳಿಯಿತು. ನಮ್ಮವರ ವಿದ್ಯೆಯೂ ಉಳಿಯಬೇಕಾದರೆ ಅದನ್ನು ಈಗ ನಾವೇ ಬರೆಯಬೇಕು.